ಒಂದೇ ಮಾಡೆಲ್

ಸುಳ್ಳೇಕೆ, ಅರ್ಧ ಗಂಟೆಯ ಕೆಲಸವನ್ನು ಕಂಪ್ಯೂಟರ್ ರಿಪೇರಿಯ ಹನುಮೇಶ ಮೂರು ದಿನ ಎಳೆದಿದ್ದ. ಪೀಣ್ಯದ ಲೇತ್ ಶೆಡ್ಡೊಂದರಲ್ಲಿ ಎರಡು ಸಾವಿರದ ಐದರಲ್ಲೂ ಹದಿನೈದು ವರ್ಷದ ಹಳೆಯ ಕಂಪ್ಯೂಟರೇ ಓಡುತ್ತಿತ್ತು. ಅದು ಕೆಟ್ಟಿತ್ತು. ಅದರ ಸಿಸ್ಟಮ್ ಡಿಸ್ಕ್ ಬಿಚ್ಚಿ, ಗುಜರಿಯಿಂದ ತಂದ ಅದೇ ಮಾಡೆಲ್ಲಿನ ಇನ್ನೊಂದಕ್ಕೆ ಹಾಕಬೇಕಿತ್ತು, ಅಷ್ಟೇ. ಆದರೆ ಕೆಲಸ ಮುಗಿದರೆ ಆಪರೇಟರ್ ಮಹಾನಂದಾಳನ್ನು ನೋಡಲು ನೆಪವೆಲ್ಲಿ?

"ಇವತ್ತೂ ಸ್ಕ್ರೂ ಸಿಗವಲ್ದೇನ್ರೀ?" ಎಂದು ಅವಳು ಓರೆಗಣ್ಣಲ್ಲಿ ನಕ್ಕಳು. ಇಬ್ಬರದೂ ಬಾಗಲಕೋಟೆ ಕಡೆಯ ಮಾತು. ಈ ಊರಲ್ಲಿ ಅದೇ ಅರ್ಧ ನೆಂಟಸ್ತಿಕೆ.

"ಸಿಗ್ತದ್ರೀ. ನೀವು ನಕ್ಕ ಕೂಡ್ಲೆ ಕೈ ಜಾರ್ತದ."

ಅವಳ ನಗು ಅಲ್ಲೇ ನಿಂತಿತು. "ಲಗೂ ಮುಗಸ್ರಿ. ನಾಳಿಂದ ನಾ ಬರಾಂಗಿಲ್ಲ."

ಹೋದ ವರ್ಷ ಅವಳ ಅಕ್ಕ ತೀರಿಕೊಂಡಿದ್ದಳು. ಬರುವ ಸೋಮವಾರ ಅಕ್ಕನ ಗಂಡನ ಜೊತೆ ಇವಳ ಮದುವೆ. ಅವಳು ಅಷ್ಟು ಹೇಳುವಷ್ಟರಲ್ಲಿ ಹನುಮೇಶನ ಕೈಯ ಸ್ಕ್ರೂ ನಿಜವಾಗಿಯೂ ಜಾರಿ ಬಿತ್ತು.

"ಒಲ್ಲೆ ಅನ್ರೀ," ಎಂದುಬಿಟ್ಟ. "ನಾ ಅದೀನಿ. ನಿಮ್ಮ ಮ್ಯಾಲೆ ಜೀವಾನ ಇಟ್ಕೊಂಡೀನಿ."

"ಗೊತ್ತದ ರೀ. ಅದಕ್ಕ ದಿನಾ ಎರಡ ಸಲ ಚಾ ತರಸ್ತಿದ್ದೆ." ಅವಳ ಕಣ್ಣು ತುಂಬಿತು. "ಆದ್ರ ಅಕ್ಕನ ಕೂಸು ನನಗ ಅವ್ವ ಅಂತದ. ಅದಕ್ಕ ಹ್ಯಾಂಗ ಒಲ್ಲೆ ಅನ್ಲಿ?"

ಅವನು ಬಿದ್ದ ಸ್ಕ್ರೂ ಹೆಕ್ಕಿಕೊಂಡ. ಡಿಸ್ಕ್ ಕೂರಿಸಿ ಸ್ವಿಚ್ ಒತ್ತಿದ. ಪರದೆ ಬೆಳಗಿ, ಅರ್ಧಕ್ಕೇ ನಿಂತಿತು.

"ಒಂದ ಮಾಡೆಲ್ ಅಲ್ಲೇನ್ರೀ? ಯಾಕ ಒಪ್ಪವಲ್ದು?"

"ಈ ಗುಜರಿ ಪೆಟಗಿ ತನ್ನ ಹಳೆ ಡಿಸ್ಕ್ ನೆನಪ ಇಟ್ಕೊಂಡಿರ್ತದ್ರೀ. ಈ ಡಿಸ್ಕಿನೊಳಗ ಅದನ್ನ ಹುಡುಕ್ತದ."

ಮಹಾನಂದಾ ಪರದೆಯನ್ನೇ ನೋಡುತ್ತ ಕುಳಿತಳು. "ಮನ್ಯಾಗೂ ಹಂಗ ಅಂತಾರ, ಅಕ್ಕ-ತಂಗಿ ಒಂದ ಥರಾ, ನಡೀತದ ಅಂತ. ಭಾವಾರು ಫೋನ್ ಮಾಡಿದ್ರ ನನಗ ಅಕ್ಕನ ಹೆಸರಲೇ ಕರೀತಾರ."

ಹನುಮೇಶ ಸೆಟಪ್ ತೆರೆದು ಹಳೆಯ ಡಿಸ್ಕಿನ ಅಂಕಿಗಳನ್ನು ಅಳಿಸಿದ. ಈಗ ಕೂರಿಸಿದ ಡಿಸ್ಕಿನ ಮೇಲೆ ಅಚ್ಚಾಗಿದ್ದ ಅಂಕಿಗಳನ್ನು ಅವಳು ಓದಿದಳು, ಅವನು ಒಂದೊಂದಾಗಿ ಒತ್ತಿದ. ಕಂಪ್ಯೂಟರ್ ಪೂರ್ತಿ ಎದ್ದಿತು. ಮೂರು ದಿನದ ಕೆಲಸ ಎರಡೇ ನಿಮಿಷದಲ್ಲಿ ಮುಗಿದುಹೋಯಿತು.

ಬ್ಯಾಗ್ ಹೆಗಲಿಗೇರಿಸಿ ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಪೆಟಗಿ ತಾನಾಗೇ ತಿಳಕೊಳ್ಳಾಂಗಿಲ್ರೀ, ಹೇಳಿಕೊಡಬೇಕು. ನೀವೂ ಮೊದಲನೇ ದಿನಾನ ಹೇಳ್ರೀ ಅವರಿಗೆ, ನಾ ಅಕ್ಕ ಅಲ್ಲ, ಮಹಾನಂದಾ ಅಂತ."

"ಇನ್ನೊಮ್ಮೆ ಅನ್ರೀ," ಎಂದಳು. "ಹೆಸರು."

ಅವನು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.