ಒಬ್ಬನೇ ಮಗನ ತಮ್ಮ

ಜೀಪು ಮತ್ತೆ ಹಿಂದಿನಿಂದ ಗುದ್ದಿತು!

ಸ್ಕೂಟರ್ ಓಲಾಡಿತು. ನಂಬರ್ ಪ್ಲೇಟ್ ಕಳಚಿ ರಸ್ತೆಗೆ ಬಿತ್ತು. ಕೋಣಂದೂರು ದಾಟಿದ್ದೆ. ಹೊಸನಗರ ಇನ್ನೂ ದೂರ. ಹೆಗಲ ಚೀಲದಲ್ಲಿದ್ದದ್ದು ಎರಡೇ ಹಾಳೆ... ಎಂದೋ ಸತ್ತ ಸಿಪಾಯಿಯೊಬ್ಬನ ಪೆನ್ಷನ್ ಫೈಲಿನವು.

ಎರಡು ಹಾಳೆಗೆ ಯಾರಾದರೂ ಜೀವ ತೆಗೆಯುತ್ತಾರಾ ಅಂತ ಕೇಳುತ್ತೀರಿ.

ನಾನೂ ಹಾಗೇ ಅಂದುಕೊಂಡಿದ್ದೆ!

"ಏ ಹುಡ್ಗೀ! ಚೀಲ ಬಿಸಾಕು! ಇಲ್ದಿದ್ರೆ ಮನೆ ಸೇರಲ್ಲ ನೀನು!"

ಜೀಪಿನಿಂದ ಕಿರುಚಿದವನು ರಾಜೇಂದ್ರ. ವಯಸ್ಸು ಅರವತ್ತು ದಾಟಿದೆ. ಗಂಟಲು ಮಾತ್ರ ಇಪ್ಪತ್ತರದು.

ಎಡಕ್ಕೆ ಗದ್ದೆಯ ಬೇಲಿ. ಅದಕ್ಕೆ ಬಾಗಿಲಿನಂತಿದ್ದ ದಣಪೆಯ ಬಿದಿರು ಗಳಗಳನ್ನು ಯಾರೋ ಅರ್ಧ ಸರಿಸಿಟ್ಟಿದ್ದರು. ಎಮ್ಮೆ ನುಗ್ಗುವಷ್ಟು ಜಾಗ. ಜೀಪಿಗೆ ಸಾಲದು...

ಹ್ಯಾಂಡಲ್ ತಿರುಗಿಸಿದೆ. ಕಣ್ಣು ಮುಚ್ಚಿದೆ. ನುಗ್ಗಿದೆ!

ಹಿಂದೆ ಬಿದಿರು ಮುರಿದ ಸದ್ದು. ಆಮೇಲೆ ಕೆಸರಲ್ಲಿ ಚಕ್ರ ಸುಮ್ಮನೆ ಸುತ್ತುವ ಸದ್ದು. ಆಮೇಲೆ, ನಾನು ಡೈರಿಯಲ್ಲೂ ಬರೆಯಲಾರದಂಥ ಬೈಗುಳ.

ಜೀಪು ಹೂತಿತ್ತು.

ನನ್ನ ಹೆಸರು ಸ್ವಾತಿ. ಸಾಗರದ ಟೈಲರ್ ಅಂಗಡಿಯೊಂದರ ಮಹಡಿ ಮೇಲೆ ಆಫೀಸು. ಓದಿದ್ದು ಇತಿಹಾಸ, ಮಾಡುವುದು ವಂಶವೃಕ್ಷ. ಸತ್ತವರನ್ನು ಹುಡುಕಿ ಬದುಕಿರುವವರಿಗೆ ಜೋಡಿಸುವುದು. ಬದುಕಿರುವವರ ಎದುರು ನನಗೆ ನಾಲಿಗೆಯೇ ಏಳುವುದಿಲ್ಲ. ಸತ್ತವರಾದರೆ ಕಾಟ ಕೊಡುವುದಿಲ್ಲ ಅಂದುಕೊಂಡು ಈ ದಂಧೆಗೆ ಇಳಿದೆ.

ಎಂಥಾ ಪೆದ್ದಿ!

ಈ ಸಲ ಆಫೀಸು ಹುಡುಕಿಕೊಂಡು ಬಂದವಳು ಕನ್ನಮ್ಮ. ಹುಲಿಕಲ್ ಹತ್ತಿರ ಎರಡು ಎಕರೆ, ಅದರಲ್ಲೊಂದು ಹಂಚಿನ ಮನೆ. ಶರಾವತಿ ಮುಳುಗಡೆಯಲ್ಲಿ ಊರು ಕಳೆದುಕೊಂಡ ಸಿಪಾಯಿ ಮಾಸ್ತಪ್ಪನಿಗೆ ಸರ್ಕಾರ ಕೊಟ್ಟ ಜಾಗ. ಅವನು ಅರವತ್ತೈದರ ಯುದ್ಧದಲ್ಲಿ ಸತ್ತ. ಮಕ್ಕಳಿರಲಿಲ್ಲ. ಹೆಂಡತಿ ದುರ್ಗಮ್ಮ ಆಮೇಲೆ ಚಂದ್ರಯ್ಯ ಎಂಬವನ ಜೊತೆ ಕೂಡಿಕೆಯಾದಳು. ಅವರ ಮಗಳೇ ಕನ್ನಮ್ಮ. ಚಂದ್ರಯ್ಯನ ತೀರಿಹೋದ ಮೊದಲ ಹೆಂಡತಿಗೆ ಹುಟ್ಟಿದವನು ರಾಜೇಂದ್ರ.

ಈಗ ರಾಜೇಂದ್ರ ಆ ಜಾಗವನ್ನು ಹೋಂಸ್ಟೇಯವರಿಗೆ ಮಾರಲು ಹೊರಟಿದ್ದ. ಅವನ ವಾದ ಇಷ್ಟೇ: "ನಮ್ಮಪ್ಪ ಮಾಸ್ತಪ್ಪನ ಸ್ವಂತ ತಮ್ಮ. ಆಸ್ತಿ ತಮ್ಮನ ಮಗಂದು. ಕೂಡಿಕೆಗೆ ದಾಖಲೆ ಎಲ್ಲೈತೆ? ಕನ್ನಮ್ಮ ಯಾರೋ ಏನೋ!"

ಊರು ನೀರಡಿ. ಊರಿನ ದಾಖಲೆಯೂ ನೀರಡಿ. ಉಳಿದದ್ದು ಸಿಪಾಯಿಯ ಪೆನ್ಷನ್ ಫೈಲು ಮಾತ್ರ. ಅರ್ಜಿ ಹಾಕಿದೆ.

"ವಾರಸುದಾರರ ಸಹಿ ಬೇಕು" ಅಂತ ಉತ್ತರ ಬಂತು.

ವಾರಸುದಾರರು ಯಾರು ಅಂತ ತಿಳಿಯೋಕೇ ಫೈಲು ಬೇಕು ಸ್ವಾಮೀ!

"ಹಾಗಾದರೆ ವಾರಸು ಸರ್ಟಿಫಿಕೇಟ್ ಕಳಿಸಿ."

ಗೋಡೆಗೆ ತಲೆ ಚಚ್ಚಿಕೊಂಡೆ. ಟೈಲರ್ ಕೆಳಗಿನಿಂದ ಕೂಗಿ ಬೈದ.

ಕೊನೆಗೆ ಕೈ ಹಿಡಿದವರು ತೀರ್ಥಹಳ್ಳಿಯ ಪುಷ್ಪರಾಜ್. ನಿವೃತ್ತ ಸುಬೇದಾರರು. ಹಳೇ ಸಿಪಾಯಿಗಳ ಪೆನ್ಷನ್ ಕೆಲಸಕ್ಕೆ ಓಡಾಡುವವರು. ಹೊಸನಗರ ತಾಲ್ಲೂಕು ಆಫೀಸಿನಲ್ಲಿ ವಿಚಾರಣೆ ಇದ್ದ ದಿನವೇ, ಬೆಳಿಗ್ಗೆ, ನಕಲು ನನ್ನ ಕೈಗಿತ್ತರು.

ಮೊದಲ ಹಾಳೆ ಮಾಸ್ತಪ್ಪ ಭರ್ತಿಯಾದಾಗ ಬರೆಸಿದ್ದು. ಎದೆಯಳತೆ. ಎಡಗಿವಿಯ ಕೆಳಗೆ ಮಚ್ಚೆ. ಮುಳುಗಿಹೋದ ಊರಿನ ಹೆಸರು. ತಾಯಿ ಇದ್ದಾಳೆ. ಅಣ್ಣತಮ್ಮಂದಿರು... ಇಲ್ಲ. ಒಬ್ಬನೇ ಮಗ!

ಎರಡನೆಯದು ಯುದ್ಧದ ನಂತರದ್ದು. 'ವಿಧವೆ ದುರ್ಗಮ್ಮ ಮೃತನ ಸ್ವಂತ ತಮ್ಮ ಚಂದ್ರಯ್ಯನನ್ನು ಮದುವೆಯಾಗಿರುತ್ತಾಳೆ. ಪೆನ್ಷನ್ ಮುಂದುವರಿಸಬಹುದು.' ಕೆಳಗೆ ಊರ ಹಿರಿಯರ ಹೆಬ್ಬೆಟ್ಟಿನ ಸಾಲು.

"ಸರ್... ಒಬ್ಬನೇ ಮಗನಿಗೆ ತಮ್ಮ ಎಲ್ಲಿಂದ ಬಂದ?"

ಸುಬೇದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ರೂಲಿನಿಂದ ಬಂದ ಮಾರಾಯ್ತಿ! ಆಗೆಲ್ಲ ವಿಧವೆ ಬೇರೆಯವನನ್ನ ಕಟ್ಕೊಂಡ್ರೆ ಪೆನ್ಷನ್ ಬಂದ್. ಸತ್ತವನ ಸ್ವಂತ ತಮ್ಮನ್ನ ಆದ್ರೆ ಮಾತ್ರ ಬರ್ತಿತ್ತು. ಊರವ್ರೆಲ್ಲ ಸೇರಿ ಚಂದ್ರಯ್ಯನ್ನ ತಮ್ಮ ಮಾಡಿದ್ರು, ಅಷ್ಟೆ!"

ಅಲ್ಲೇ ಜೆರಾಕ್ಸ್ ಅಂಗಡಿಗೆ ಹೋದೆ, ಕರೆಂಟ್ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ರಾಜೇಂದ್ರನ ಭಾವ ಎರಡನೇ ಹಾಳೆ ಇಣುಕಿ ನೋಡಿದ. ಕೂಡಿಕೆಗೆ ದಾಖಲೆ ಸಿಕ್ಕಿದೆ ಎಂದು ಫೋನ್ ಹೋಯಿತು. ಜೀಪು ಬಂತು. ಉಳಿದದ್ದು ನಿಮಗೆ ಗೊತ್ತು.

ಹೊಸನಗರ ತಲುಪಿದಾಗ ಕನ್ನಮ್ಮ ತಾಲ್ಲೂಕು ಆಫೀಸಿನ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಳು. ನನ್ನ ಮೈತುಂಬ ಕೆಸರು.

"ಎಂತದೇ ಇದು? ನಾಟಿ ಮಾಡಿ ಬಂದ್ಯಾ?"

"ಗೆದ್ವಿ ಕನ್ನಮ್ಮಕ್ಕಾ!" ಉಸಿರು ಬಿಡದೆ ಎರಡೂ ಹಾಳೆ ಓದಿದೆ. "ಮೊದಲನೇದು ತೋರಿಸಿ, ಸಾಕು. ರಾಜೇಂದ್ರಂಗೂ ಮಾಸ್ತಪ್ಪಂಗೂ ಸಂಬಂಧನೇ ಇಲ್ಲ. ನೀವು ದುರ್ಗಮ್ಮನ ಮಗಳು. ಎರಡೂ ಎಕರೆ ನಿಮ್ದೇ!"

ಅವಳು ಚಾ ಲೋಟ ಕೆಳಗಿಟ್ಟಳು.

"ತೋರ್ಸಿದ್ರೆ ಅಮ್ಮ ಸುಳ್ಳಿ ಆಗ್ತಾಳಲ್ಲ?"

"ಅಕ್ಕಾ... ಅವ್ರು ತೀರಿಹೋಗಿದಾರೆ!"

"ತೀರಿಹೋದೋರ ಹೆಸ್ರು ಕೆಡಿಸು ಅಂತ ನಿಂಗೆ ಹೇಳಿದ್ನಾ? ಬ್ಯಾಡ."

ಬ್ಯಾಡ! ತಿಂಗಳುಗಟ್ಟಲೆ ಅರ್ಜಿ... ಜೀಪಿನ ಗುದ್ದು... ನಂಬರ್ ಪ್ಲೇಟು... ಬ್ಯಾಡವಂತೆ! ಅಳು ಬಂತು. ಅಳಲಿಲ್ಲ. ಗ್ಲಾಸಿನ ನೀರು ಒಂದೇ ಗುಟುಕಿಗೆ ಕುಡಿದೆ.

ಅಷ್ಟರಲ್ಲಿ ಬಾಗಿಲಲ್ಲಿ ರಾಜೇಂದ್ರ. ಮೊಣಕಾಲಿನವರೆಗೂ ಕೆಸರು. ಕಣ್ಣು ಕೆಂಡ.

"ಹಾಳೆ ಕೊಡು!"

ನಾನು ಚೀಲ ಎದೆಗವಚಿಕೊಂಡೆ. ಕನ್ನಮ್ಮ ಕುರ್ಚಿ ಎಳೆದಳು.

"ಕೂತ್ಕಾ ಅಣ್ಣ. ಚಾ ಕುಡಿ. ಹುಡ್ಗೀ, ಒಂದ್ನೇದು ಓದು ಅವ್ನಿಗೆ."

ಓದಿದೆ. 'ಒಬ್ಬನೇ ಮಗ' ಎಂಬಲ್ಲಿಗೆ ಬರುವಾಗ ಅವನ ಮುಖ ಇಳಿದುಹೋಯಿತು.

"ಸುಳ್ಳು! ನಮ್ಮಪ್ಪ ಸ್ವಂತ ತಮ್ಮ! ಊರಿಗೇ ಗೊತ್ತು!"

"ಊರೇ ಹೇಳಿದ ಸುಳ್ಳು ಅದು," ಕನ್ನಮ್ಮನ ದನಿ ಏರಲಿಲ್ಲ. "ನಿಮ್ಮಮ್ಮ ಸತ್ತಾಗ ನಿಂಗಿನ್ನೂ ಹಲ್ಲು ಸರಿ ಬಂದಿರ್ಲಿಲ್ಲ. ನಮ್ಮಮ್ಮ ನಿನ್ನ ಮಡಿಲಿಗೆ ಹಾಕ್ಕೊಂಡ್ಳು. ಆ ಪೆನ್ಷನ್ ನಿಂತಿದ್ರೆ ನಿಂಗೆ ಗಂಜಿ ಎಲ್ಲಿಂದ ಬರ್ತಿತ್ತು ಹೇಳು?"

ಹೋಟೆಲಿನವನು ಚಾ ತಂದಿಟ್ಟ. ಅದಕ್ಕೆ ಕೆನೆ ಕಟ್ಟಿತು.

"ಸಾಹೇಬ್ರಿಗೆ ಯಾವ್ದು ಕೊಡ್ಲಿ, ನೀನೇ ಹೇಳು. ಒಂದ್ನೇದು ಕೊಟ್ರೆ ನಿಂಗೆ ಹಿಡಿ ಮಣ್ಣೂ ಇಲ್ಲ. ಎರಡ್ನೇದು ಕೊಟ್ರೆ ನೀನು ಅಣ್ಣ, ನಾನು ತಂಗಿ. ಅರ್ಧರ್ಧ. ಮನೆ ಇರೋ ಕಡೆ ನಂದು."

ಅವನು ಕೆನೆ ಊದಿದ. ಕುಡಿದ. ಗಂಟಲು ಸರಿಮಾಡಿಕೊಂಡ.

"...ಎರಡ್ನೇದು."

"ನನ್ನ ನಂಬರ್ ಪ್ಲೇಟು?" ನನ್ನ ಬಾಯಿಂದಲೇ ಬಂತು!

"ಹಾಕ್ಸಿ ಕೊಡ್ತೀನಿ," ಅಂದ. ನನ್ನ ಮುಖ ನೋಡಲಿಲ್ಲ.

ರಾಜಿ ಅರ್ಜಿಗೆ ವಂಶವೃಕ್ಷ ಬೇಕಿತ್ತು. ಕನ್ನಮ್ಮ ಪೆನ್ನು ನನ್ನತ್ತ ತಳ್ಳಿದಳು.

"ಬರಿ ಮಗಾ."

"ಅಕ್ಕಾ, ನಾನು ಇತಿಹಾಸ ಓದಿದೋಳು! ಇದು ಶುದ್ಧ ಸುಳ್ಳು!"

"ಊರಿಗೂರೇ ಹೆಬ್ಬೆಟ್ಟು ಒತ್ತೈತೆ. ನಿನ್ನ ಕೈ ಏನು ಬಂಗಾರದ್ದಾ?"

ನಿಜವಿದ್ದ ಹಾಳೆ ಚೀಲದೊಳಗೇ ಉಳಿಯಿತು. ಮಾಸ್ತಪ್ಪನ ಮಚ್ಚೆ, ಅವನ ಮುಳುಗಿದ ಊರು, ಎಲ್ಲ ಅದರ ಜೊತೆಗೇ. ಅವನ ತಾಯಿಯ ಹೆಸರಿನ ಕೆಳಗೆ ನಾನು ಒಂದು ಗೆರೆ ಎಳೆಯಬೇಕಿತ್ತು.

ಎರಡು ಎಳೆದೆ.

ಎಂದೋ ಸತ್ತುಹೋದ ಮುದುಕಿಗೆ ಹೆರಿಗೆ ಮಾಡಿಸಿ ಬಂದೆ ಸ್ವಾಮೀ... ಗಂಡು ಮಗು!