ವಡೆಯ ಸಾಲಿನಿಂದ ಕದ್ದ ಕತೆ

ಅಜೂಮಿ ರಾತ್ರಿಯ ಪಾತ್ರೆಗಳಿಗೆ ಬೂದಿ ಹಚ್ಚಿ ಉಜ್ಜುತ್ತಿದ್ದಾಗ ಮಗಳು ಜುಮ್ಮೈ ಬೆಳಗಿನ ಅಲಸಂದೆ ವಡೆಯ ಪೊಟ್ಟಣ ತಂದು ಪಕ್ಕದಲ್ಲಿಟ್ಟಳು. ಪೊಟ್ಟಣ ಬಿಚ್ಚಿದ ಅಜೂಮಿಯ ಕೈ ಅಲ್ಲೇ ನಿಂತಿತು. ಎಣ್ಣೆ ಹೀರಿದ ಕಾಗದದ ಮೇಲೆ ನಾಯಕನು ನಾಯಕಿಗೆ, 'ನೀನಿಲ್ಲದೆ ಈ ಕಾನೊ ಪಟ್ಟಣವೇ ನನಗೆ ಮರುಭೂಮಿ' ಎಂದು ಹೇಳುತ್ತಿದ್ದ. ಆ ಒಂದು ಮಾತು ಬರೆಯಲು ಅಜೂಮಿಗೆ ಮೂರು ದಿನ ಹಿಡಿದಿತ್ತು. ಮರುಭೂಮಿಯ ಮೇಲೆ ಈರುಳ್ಳಿಯ ಚೂರೊಂದು ಅಂಟಿಕೊಂಡಿತ್ತು.

"ಯಾರು ಕೊಟ್ಟಿದ್ದೇ ಇದನ್ನ?"

"ದೇಲು ಅಜ್ಜಿ. ಅವರ ಹತ್ರ ಇನ್ನೂ ಒಂದು ಮೂಟೆ ಇದೆ ಉಮ್ಮಾ. ಕಾಗದ ದಪ್ಪಗಿದೆಯಂತೆ, ಕೈ ಸುಡಲ್ವಂತೆ."

ಅಜೂಮಿಯ ಮೊದಲ ಪುಸ್ತಕಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು.

ಮಾರುಕಟ್ಟೆಯ ಪುಸ್ತಕದಂಗಡಿಯ ಮಾಲಮ್ ಗಂಬೊಗೆ ಅವಳು ಫೋನು ಮಾಡಿದಳು. ಆತ ಸಂಕೋಚವಿಲ್ಲದ ಮನುಷ್ಯ. "ಒಂದು ವರ್ಷ ಕಾದೆ ಅಕ್ಕಾ. ಇಲಿ ಕೂಡ ಮೂಸಲಿಲ್ಲ. ಕೊನೆಗೆ ತೂಕಕ್ಕೆ ಹಾಕ್ದೆ. ನಿಮ್ಮ ನಾಯಕಿ ಇಪ್ಪತ್ತನೇ ಪುಟದಲ್ಲೇ ಮದುವೆಯಾಗಿ ಸುಖವಾಗಿದಾಳೆ. ಸುಖವಾಗಿರೋಳ ಕತೆ ಯಾರಿಗೆ ಬೇಕು ಹೇಳಿ? ಅಳಿಸಿ. ಅಳ್ತಾ ಇರುವಾಗ್ಲೇ ಮೊದಲನೇ ಭಾಗ ಮುಗಿಸಿ. ಎರಡನೇ ಭಾಗಕ್ಕೆ ಅವರಾಗೇ ಓಡಿ ಬರ್ತಾರೆ."

ಅಜೂಮಿ ಪಾಠವನ್ನು ಮಗಳ ಹಳೆಯ ನೋಟುಬುಕ್ಕಿನ ಹಿಂದೆ ಬರೆದುಕೊಂಡಳು. ಅವಳ ಬರವಣಿಗೆಯೆಲ್ಲ ಅಂಥ ನೋಟುಬುಕ್ಕುಗಳಲ್ಲೇ, ಒಲೆಗೂ ಒರಳಿಗೂ ನಡುವೆ. ಬರೆದವಳೂ ಅವಳೇ, ಟೈಪು ಮಾಡಿಸಿದವಳೂ ಅವಳೇ, ಅಚ್ಚು ಹಾಕಿಸಿದವಳೂ ಅವಳೇ. ತೌರಿನವರು ಮದುವೆಯಲ್ಲಿ ಕೊಟ್ಟ ಹೂವಿನ ಚಿತ್ತಾರದ ಬೋಗುಣಿಗಳಲ್ಲಿ ಅರ್ಧ ಮೊದಲ ಪುಸ್ತಕದ ಖರ್ಚಿಗೆ ಮಾರಿಹೋಗಿದ್ದವು. ಉಳಿದರ್ಧ ಗೋಡೆಗೆ ಒರಗಿ ನಿಂತು ಅವಳನ್ನೇ ನೋಡುತ್ತಿದ್ದವು. ಅವುಗಳನ್ನು ಮಾರಿದರೆ ಇನ್ನೊಂದೇ ಪುಸ್ತಕ ಆದೀತು. ಆ ಊರಿನಲ್ಲಿ ಹೀಗೆ ಸ್ವಂತ ಪುಸ್ತಕ ತರುವ ಹೆಂಗಸರು ಕೇರಿಗೆ ಇಬ್ಬರು. ಪುಸ್ತಕ ಓಡಿದವಳಿಗೆ ಮದುವೆಮನೆಯಲ್ಲಿ 'ಲೇಖಕಿ ಬಂದರು' ಎಂದು ಚಾಪೆ ಹಾಸುತ್ತಾರೆ. ಓಡದವಳಿಗೆ, 'ಪಾಪ, ಏನೋ ಬರೀತಾಳಂತೆ' ಎಂದು ಈರುಳ್ಳಿ ಹೆಚ್ಚಲು ಕೊಡುತ್ತಾರೆ. ಎರಡನೆಯ ಪುಸ್ತಕವೂ ವಡೆಗೆ ಹೋದರೆ ಅವಳ ಹೆಸರು ಈರುಳ್ಳಿಯೊಂದಿಗೇ ಮುಗಿದಂತೆ.

ಆಸೆ ಹುಟ್ಟಿದ್ದು ಮರುವಾರ. ಜುಮ್ಮೈ ವಡೆ ತರಲು ಹೋದವಳು ತುಂಬ ತಡವಾಗಿ ಬಂದಳು.

"ಎಲ್ಲಿ ಸತ್ತಿದ್ದೆ?"

ಎಂಟು ವರ್ಷದ ಹುಡುಗಿ ಕಾಲಿನ ಬೆರಳುಗಳನ್ನು ನೋಡಿಕೊಂಡಳು. "ದೇಲು ಅಜ್ಜಿ ಕತೆ ಹೇಳ್ತಿದ್ರು. ಬಿಟ್ಟು ಬರೋಕೆ ಆಗ್ಲಿಲ್ಲ."

"ಎಂಥಾ ಕತೆ?"

ಜುಮ್ಮೈ ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು. ಸಜ್ಜೆ ಅಂಬಲಿ ಮಾರುವ ಒಬ್ಬ ಹುಡುಗಿ. ಅವಳಿಗೊಬ್ಬ ಮಲತಾಯಿ, ಮಗು ಆಕಳಿಸಿದರೂ ಬೈಯುವವಳು. ಮರಳು ಹೊರುವ ಒಂದು ಕತ್ತೆ, ಯಾರಾದರೂ ಸುಳ್ಳು ಹೇಳಿದರೆ ಅರಚುವ ಕತ್ತೆ. ಅದರ ಯಜಮಾನ ಬಡವನ ವೇಷದಲ್ಲಿರುವ ರಾಜಕುಮಾರ. ಮಲತಾಯಿ ಹುಡುಗಿಯ ಅಂಬಲಿಗೆ ಉಪ್ಪು ಸುರಿಯುತ್ತಿದ್ದಳು, ಅಷ್ಟರಲ್ಲಿ...

"ಅಷ್ಟರಲ್ಲಿ?"

"ಅಷ್ಟಕ್ಕೇ ವಡೆ ಮುಗೀತು. ಉಳಿದಿದ್ದು ನಾಳೆ."

ಅಜೂಮಿಯ ಕೈಯಲ್ಲಿದ್ದ ವಡೆ ಆರಿ ತಣ್ಣಗಾಗಿತ್ತು. ಮಾಲಮ್ ಗಂಬೊನ ಪಾಠವನ್ನು ಅಕ್ಷರ ಬಾರದ ಮುದುಕಿ ಬಾಣಲೆಯ ಮುಂದೆ ಕೂತು ನಡೆಸುತ್ತಿದ್ದಳು!

ಅವಳ ಅಂತರಂಗ ಸ್ವಲ್ಪ ಹೊತ್ತು ತಕರಾರು ಮಾಡಿತು. ಅದಕ್ಕೂ ಉತ್ತರ ಸಿದ್ಧವಿತ್ತು. ಮುದುಕಿ ನನ್ನ ಪುಟದಲ್ಲಿ ತನ್ನ ವಡೆ ಸುತ್ತಿದಳು, ಅವಳ ಕತೆಯಿಂದ ನಾನು ನನ್ನ ಪುಟ ತುಂಬುತ್ತೇನೆ. ಸಮಸಮ.

ಕೆಲಸ ಸುಲಭವಾಗಿತ್ತು. ಅಜೂಮಿಯದು ಮದುವೆ ನಾಮಕರಣ ಬಿಟ್ಟರೆ ಹೆಂಗಸರು ಹಗಲು ಹೊಸ್ತಿಲು ದಾಟದ ಮನೆ. ಅಂಗಡಿ, ನೆರೆಮನೆ, ಸಾಲಸೋಲದ ಸಕ್ಕರೆ, ಎಲ್ಲಕ್ಕೂ ಜುಮ್ಮೈಯೇ ಅವಳ ಕಾಲು, ಜುಮ್ಮೈಯೇ ಅವಳ ಕಣ್ಣು. ವಡೆಯ ಸಾಲಿನಲ್ಲಿ ಅಜೂಮಿಯನ್ನು ಒಂದು ದಿನವಾದರೂ ಕಂಡೆನೆಂದು ಹೇಳುವವರು ಕೇರಿಯಲ್ಲೇ ಇರಲಿಲ್ಲ. ಕದ್ದ ಮಾಲು ದಿನವೂ ಬೆಳಿಗ್ಗೆ ಬಿಸಿಬಿಸಿಯಾಗಿ ಮನೆಗೇ ಬರುತ್ತಿತ್ತು, ಕಳ್ಳಿ ಎದ್ದು ನಿಲ್ಲಬೇಕಾಗಿಯೂ ಇರಲಿಲ್ಲ. ಅವಳು ಬಟ್ಟೆ ಹಿಂಡುತ್ತ ಕೇಳಿದಳು, ಕೈ ಒರೆಸಿಕೊಂಡು ಬರೆದಳು. ಕಣ್ಣು ಬಿಗಿಯಾಗಿ ಮುಚ್ಚಿ ಒಂದು ಮಾತೂ ತಪ್ಪದೆ ಒಪ್ಪಿಸುವ ಮಗಳ ಜ್ಞಾಪಕಶಕ್ತಿಗೆ ಹೆಮ್ಮೆಪಟ್ಟು ಒಂದು ವಡೆ ಹೆಚ್ಚು ಕೊಟ್ಟಳು. ಹೆಚ್ಚು ವಡೆ ಸಿಕ್ಕ ದಿನ ಕತೆಯೂ ಹೆಚ್ಚು ಉದ್ದವಿರುತ್ತಿತ್ತು. ಅದನ್ನು ಅಜೂಮಿ ಕಾಕತಾಳೀಯವೆಂದುಕೊಂಡಳು.

ಗುರುತುಗಳನ್ನು ಅವಳು ಒಂದೊಂದಾಗಿ ಅಳಿಸಿದಳು. ಅಂಬಲಿ ಹುಡುಗಿ ನರ್ಸಿಂಗ್ ಓದುವ ಯುವತಿಯಾದಳು. ರಾಜಕುಮಾರ ಗುತ್ತಿಗೆದಾರನ ಮಗನಾದ. ಮಲತಾಯಿಯನ್ನು ಕಾನೊದಿಂದ ಎತ್ತಿ ಜಾರಿಯಾ ಪಟ್ಟಣಕ್ಕೆ ಸಾಗಿಸಿದಳು. ಕತ್ತೆಯೇ ಕಷ್ಟವಾಯಿತು. ಪ್ರೇಮಕತೆಯ ನಾಯಕ ಕತ್ತೆಯ ಮೇಲೆ ಬಂದರೆ ಯಾರು ಅತ್ತಾರು? ಮೂರು ಸಂಜೆ ಯೋಚಿಸಿ ಅದನ್ನು ಕೆಂಪು ಮೋಟಾರ್ ಬೈಕು ಮಾಡಿದಳು. ಕತ್ತೆ ಅರಚಿದಲ್ಲೆಲ್ಲ ಹಾರ್ನು ಕೂಗಿತು. ಇನ್ನು ದೇಲು ಅಜ್ಜಿಯನ್ನೇ ಕೂರಿಸಿ ಓದಿ ಹೇಳಿದರೂ ಅವಳಿಗೆ ಗುರುತು ಹತ್ತದು.

ಮುಖಪುಟಕ್ಕೆ ಅಳುವ ಮದುಮಗಳು, ಚಿನ್ನದ ಬಣ್ಣದಲ್ಲಿ 'ಅಜೂಮಿ' ಎಂಬ ಹೆಸರು, ಹಿಂದೆ ಓದುಗರಿಗಾಗಿ ಫೋನು ನಂಬರು. ಮದುಮಗಳು ಬಾಗಿಲ ಚಿಲಕಕ್ಕೆ ಕೈ ಹಾಕಿದಲ್ಲಿಗೆ ಮೊದಲನೇ ಭಾಗ ಮುಗಿಯಿತು. ಗೋಡೆಗೆ ಒರಗಿದ್ದ ಬೋಗುಣಿಗಳು ಹೋದವು.

ಮೂರೇ ವಾರದಲ್ಲಿ ಪುಸ್ತಕಗಳೂ ಹೋದವು, ತೂಕಕ್ಕಲ್ಲ. ಫೋನು ಒಲೆಯ ಪಕ್ಕದಲ್ಲಿ ಬಡಿದುಕೊಳ್ಳತೊಡಗಿತು. "ಚಿಲಕ ತೆಗೆದಳಾ ಅಕ್ಕಾ? ನಮ್ಮತ್ತೆ ಊಟ ಬಿಟ್ಟಿದಾರೆ." ಒಂದು ನಾಮಕರಣದಲ್ಲಿ ಅವಳಿಗೆ ಚಾಪೆ ಹಾಸಿದರು. ಈರುಳ್ಳಿಯನ್ನು ಬೇರೆ ಯಾರೋ ಹೆಚ್ಚುತ್ತಿದ್ದರು.

ಈ ಗಡಿಬಿಡಿಯಲ್ಲಿ ಜುಮ್ಮೈ ಪುಸ್ತಕವನ್ನು ಶಾಲೆಯ ಗೆಳತಿಯ ಜೊತೆ ಕೂಡಿ ಓದಿ ಮುಗಿಸಿದ್ದಳು. ಅಂದಿನಿಂದ ಅವಳದೊಂದೇ ಮಾತು. "ಉಮ್ಮಾ, ಒಂದು ಕೇಳ್ಲಾ?"

"ಆಮೇಲೆ ಚಿನ್ನಾ, ಅನ್ನ ಸೀದು ಹೋಗ್ತಿದೆ."

"ಉಮ್ಮಾ, ಈಗ?"

"ಫೋನಲ್ಲಿದೀನಿ, ಕಾಣಲ್ವಾ?"

ಕೊನೆಗೆ ರೇಡಿಯೊದಿಂದ ಕರೆ ಬಂತು. ದಿನವೂ ಕತೆ ಓದುವ ಹಾಜಿಯಾ ರಕೀಯಾ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಲೇಖಕಿಯೊಂದಿಗೆ ಫೋನಿನಲ್ಲೇ ನೇರ ಪ್ರಸಾರದಲ್ಲಿ ಮಾತಾಡುವುದಾಗಿ ಹೇಳಿದಳು. ಆ ದಿನ ದೇಲು ಅಜ್ಜಿ ಬಾಣಲೆ ಇಳಿಸಿ ಒಂದು ತಟ್ಟೆ ವಡೆ ಹಿಡಿದುಕೊಂಡು ಅಜೂಮಿಯ ಮನೆಗೇ ಬಂದು ಕೂತಳು. "ಸ್ವಲ್ಪ ಜೋರಾಗಿಡೇ ಮಗಳೇ, ಕಿವಿ ಮಂದ. ನನ್ನ ವಡೆ ತಿಂದು ಲೇಖಕಿಯಾದೋಳ ಮಾತು ನಾನೂ ಕೇಳ್ಬೇಕು." ಅಜೂಮಿ ಫೋನಿನ ಸ್ಪೀಕರು ಹಾಕಿ ನೆಲದ ಮೇಲಿಟ್ಟಳು. ಕಾಯುವಷ್ಟು ಹೊತ್ತು ಪುಸ್ತಕದ ಎರಡು ಪುಟ ಓದಿ ಹೇಳಿದಳು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇಂಥಾ ಕತೆ ನಾನು ಹುಟ್ಟಿದಾಗಿಂದ ಕೇಳಿಲ್ಲ ಕಣೇ."

ಕಳ್ಳತನ ಅಲ್ಲಿಗೆ ಪರಿಪೂರ್ಣವಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದವಳಿಗೆ ಬಾಯಿ ಕಟ್ಟುವುದು ಕಷ್ಟ. "ನಿಮ್ಮ ಕತೆಗಳ ಮುಂದೆ ಇದ್ಯಾವ ಕತೆ ಅಜ್ಜಿ? ವಡೆ ಕರೀತಾ ದಿನಾ ಹೇಳ್ತೀರಂತಲ್ಲ."

"ನಾನಾ? ಹಗಲು ಹೊತ್ತಲ್ಲಿ?" ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ತಲೆ ಕೆಟ್ಟಿದೆಯೇನೇ? ಸೂರ್ಯನ ಎದುರು ಕತೆ ಹೇಳಿದ್ರೆ ಹೇಳ್ದೋರ ತಾಯಿ ಕಾಣೆಯಾಗ್ತಾಳೆ ಅಂತ ನಿಮ್ಮಜ್ಜಿ ನಿಂಗೆ ಹೇಳ್ಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದಳು. ಆ ಊರಿನಲ್ಲಿ ಹಾಲು ಕುಡಿಯುವ ಮಕ್ಕಳನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದ ಮಾತು ಅದು. ಕತ್ತೆಯ ಗುರುತು ಅಳಿಸಲು ಮೂರು ಸಂಜೆ ಯೋಚಿಸಿದ ಅಜೂಮಿ, ವಡೆ ಕರಿಯುವುದು ಹೊತ್ತು ಹುಟ್ಟಿದ ಮೇಲೆ ಎಂಬುದನ್ನು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಅವಳು ಮೆಲ್ಲಗೆ ಮಗಳ ಕಡೆ ತಿರುಗಿದಳು. ದಿನವೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ ಆ ಪುಟ್ಟ ಕಣ್ಣುಗಳು ನೆನಪು ಮಾಡಿಕೊಳ್ಳುತ್ತಿರಲಿಲ್ಲ. ತಾಯಿ ಕಳೆದುಹೋಗದಿರಲೆಂದು ತಮ್ಮಷ್ಟಕ್ಕೆ ರಾತ್ರಿ ಮಾಡಿಕೊಳ್ಳುತ್ತಿದ್ದವು. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಅಜೂಮಿಯ ಬೆರಳು ತನಗೆ ತಾನೇ ಒತ್ತಿತು, ಹಾಜಿಯಾ ರಕೀಯಾಳ ದನಿ ಅಂಗಳ ತುಂಬಿತು. "ಇಡೀ ಕಾನೊ ಕೇಳ್ತಾ ಇದೆ ಅಜೂಮಿಯವರೇ. ಹೇಳಿ, ಈ ಕತೆ ನಿಮಗೆ ಹೊಳೆದದ್ದು ಹೇಗೆ?" ಅನ್ನ ಸೀಯುತ್ತಿರಲಿಲ್ಲ, ಅಮ್ಮನೂ ಮಾತಾಡುತ್ತಿರಲಿಲ್ಲ, ಇದೇ ಸರಿಯಾದ ಹೊತ್ತೆಂದು ಜುಮ್ಮೈ ಫೋನಿನ ಹತ್ತಿರಕ್ಕೆ ಸರಿದು, ಅಷ್ಟು ದಿನ ತಡೆದಿಟ್ಟುಕೊಂಡ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿದಳು: "ಉಮ್ಮಾ, ನನ್ನ ಕತೇಲಿದ್ದ ಕತ್ತೇನ ನೀನ್ಯಾಕೆ ಮೋಟಾರ್ ಬೈಕು ಮಾಡ್ದೆ?"