ಫೈಲಿನ ಮೂಲೆಯ ಇಪ್ಪತ್ನಾಲ್ಕು

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವಳು ಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಗುರುತು. ಇನ್ಸ್‌ಪೆಕ್ಟರು ಕೂರಲು ಹೇಳಿದರೂ ಕೂರಲಿಲ್ಲ.

“ನನ್ನ ಪಾಸ್‌ಪೋರ್ಟ್ ಕಳುವಾಗಿದೆ ಸಾರ್. ಶುಕ್ರವಾರ ವಿಮಾನ.”

“ಎಲ್ಲಿ ಕಳುವಾಯ್ತು?”

“ವೀಸಾ ಮಾಡಿಸಿಕೊಡೋ ಆಫೀಸಲ್ಲಿ. ವೀಸಾ ಬಂದಿದೆ ಅಂತ ಫೋನ್ ಮಾಡಿದ್ರು. ಹೋಗಿ ನೋಡಿದ್ರೆ ಬೀರುವಿನಲ್ಲೇ ಇಲ್ಲ ಅಂತಾರೆ.”

“ಯಾರ ಹತ್ರ ಹೋಗ್ತಿದೀರಿ?”

“ಮಗಳ ಹತ್ರ. ಅಳಿಯ ತೀರಿಕೊಂಡ. ಮಗೂಗೆ ಐದು ತಿಂಗಳು. ಇವಳು ಕೆಲಸಕ್ಕೆ ಹೋದ್ರೆ ಮಗು ನೋಡೋರಿಲ್ಲ, ಹೋಗದಿದ್ರೆ ಹೊಟ್ಟೆಗಿಲ್ಲ. ಎರಡು ವರ್ಷ ಇದ್ದು ಮಗೂನ ದಡ ಮುಟ್ಟಿಸಿ ಬರ್ತೀನಿ ಅಂತ ಮಾತು ಕೊಟ್ಟಿದೀನಿ.” ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ಸ್‌ಪೆಕ್ಟರಿಗೆ ಯಾರ ಅಳುವನ್ನೂ ನೋಡಲಾಗದು. ಬೆಣ್ಣೆಯಂಥ ಮನುಷ್ಯ, ಅದು ಯಾರಿಗೂ ಗೊತ್ತಾಗಬಾರದೆಂದೇ ಎಲ್ಲರ ಮೇಲೂ ಗದರುತ್ತಿದ್ದರು. “ಅತ್ರೆ ಪಾಸ್‌ಪೋರ್ಟ್ ಬರುತ್ತಾ ಅಮ್ಮಾ? ದೂರು ಬರೆಸಿ ಮೊದಲು,” ಎಂದರು. ಎಫ್‌ಐಆರ್ ದಾಖಲಾಯಿತು. ಮಹಿಳಾ ಕಾನ್‌ಸ್ಟೆಬಲ್‌ಳನ್ನು ಕರೆದುಕೊಂಡು ಹೊರಟರು.

ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಮೊದಲ ಮಹಡಿಯಲ್ಲಿ ಒಂದು ಹಜಾರ, ಗಾಜಿನ ಗೋಡೆಯ ಹಿಂದೆ ಮಾಲೀಕನ ಕೋಣೆ, ಬಾಗಿಲ ಪಕ್ಕ ಕಬ್ಬಿಣದ ಬೀರು. ಬೀಗ ಒಡೆದಿರಲಿಲ್ಲ. ಒಂದು ಕೀಲಿ ಮಾಲೀಕನ ಜೇಬಿನಲ್ಲಿ, ಇನ್ನೊಂದು ಗೋಡೆಯ ಮೊಳೆಯಲ್ಲಿ. ಆರು ಜನ ನೌಕರರಿಗೂ ಅದು ಗೊತ್ತು. ನಲವತ್ತೊಂದು ಫೈಲುಗಳಿದ್ದವು, ಪಾಸ್‌ಪೋರ್ಟ್ ಮೂವತ್ತೇಳೇ ಇದ್ದವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಮಾಲೀಕ ಅಷ್ಟರಲ್ಲೇ ಹೊಸ ಬೀಗ ತರಿಸಿದ್ದ.

“ಹೊರಗಿನವರ ಕೆಲಸ ಸಾರ್ ಇದು. ನಮ್ಮ ಹುಡುಗರೆಲ್ಲ ಅಪ್ಪಟ ಚಿನ್ನ,” ಎಂದ. ಬಾಯಲ್ಲೇ ಮಹಡಿ ಕಟ್ಟುವ ಆಸಾಮಿ.

“ಹೊರಗಿನವನು ನಾಲ್ಕೇ ಯಾಕೆ ಒಯ್ದ? ಮೂವತ್ತೇಳು ಭಾರ ಆಗ್ತಿತ್ತಾ?”

ಮಾಲೀಕ ಹೊಸ ಬೀಗವನ್ನು ಕೈಯಲ್ಲಿ ತಿರುಗಿಸತೊಡಗಿದ.

ಕಾನ್‌ಸ್ಟೆಬಲ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ಫೈಲು ಓದತೊಡಗಿದಳು. ಅವಳಿಗೆ ಪತ್ತೇದಾರಿಕೆ ಏನೂ ಬಾರದು. ಓದಲು ಹಿಡಿದರೆ ಮುಗಿಸದೆ ಏಳುವುದಿಲ್ಲ, ಅಷ್ಟೇ. ನಾಲ್ಕು ಗಂಟೆಗೆ ತಲೆ ಎತ್ತಿದಳು.

“ಸಾರ್, ಈ ಮೂಲೆ ನೋಡಿ. ಎಲ್ಲ ಫೈಲಿನ ಮೇಲೂ ಪೆನ್ಸಿಲಿನಲ್ಲಿ ಒಂದು ಅಂಕಿ ಇದೆ.”

ಅಂಕಿ ಹಾಕುತ್ತಿದ್ದವನು ಫಾರಂ ತುಂಬುವ ಗುಮಾಸ್ತ. ಐವತ್ತೈದು ದಾಟಿದವನು, ಕಿವಿಯ ಮೇಲೆ ಸದಾ ಮೊಂಡು ಪೆನ್ಸಿಲು. ಇನ್ಸ್‌ಪೆಕ್ಟರು ಅವನನ್ನು ಕರೆಸಿದರು.

“ಏನಿದು ಅಂಕಿ?”

“ಎಷ್ಟು ತಿಂಗಳು ಇರ್ತೀರಿ ಅಂತ ಮೊದಲು ಕೇಳಿ ಬರ್ಕೋತೀನಿ ಸಾರ್. ಯಾವ ವೀಸಾ ಅನ್ನೋದು ಅದರ ಮೇಲೆ ತಾನೆ?”

“ಇಸ್ತ್ರಿ ಅಮ್ಮ ಇಪ್ಪತ್ನಾಲ್ಕು ಅಂದಿದಾರೆ. ಅರ್ಜಿ ಹೋಗಿರೋದು ಮೂರು ತಿಂಗಳ ಭೇಟಿ ವೀಸಾಕ್ಕೆ.”

ಗುಮಾಸ್ತ ಗಾಜಿನ ಗೋಡೆಯತ್ತ ನೋಡಿದ. “ಭೇಟಿ ವೀಸಾ ಹದಿನೈದು ದಿನಕ್ಕೆ ಸಿಗುತ್ತೆ. ಮಕ್ಕಳ ಜೊತೆ ವರ್ಷಗಟ್ಟಲೆ ಇರೋ ವೀಸಾ ಬೇರೆ, ಅದಕ್ಕೆ ಐದು ತಿಂಗಳು ಕಾಯಬೇಕು. ಬೇಗ ಅಂದ್ರೆ ಜನ ಬರ್ತಾರೆ. ಅಲ್ಲಿಗೆ ಹೋದ ಮೇಲೆ ಅವಧಿ ಹೆಚ್ಚಿಸ್ಕೋಬಹುದು ಅಂತ ಮಾಲೀಕರು ಹೇಳ್ತಾರೆ.”

“ಹೆಚ್ಚಿಸ್ಕೋಬಹುದಾ?”

“ಇಲ್ಲ.”

ಅದುವರೆಗೆ ವಿವರಿಸಿ ಹೇಳುತ್ತಿದ್ದವನು ಆ ಒಂದು ಮಾತನ್ನು ಥಟ್ಟನೆ ಹೇಳಿದ. ಇನ್ಸ್‌ಪೆಕ್ಟರು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡರು.

ಸಂಜೆಯೊಳಗೆ ಲೆಕ್ಕ ಸಿಕ್ಕಿತು. ಮೂವತ್ತೇಳು ಫೈಲುಗಳಲ್ಲಿ ಮೂಲೆಯ ಅಂಕಿಗೂ ಒಳಗಿನ ವೀಸಾಕ್ಕೂ ತಾಳೆಯಾಗುತ್ತಿತ್ತು. ಪಾಸ್‌ಪೋರ್ಟ್ ಕಳುವಾದ ನಾಲ್ಕು ಫೈಲುಗಳಲ್ಲಿ ಮಾತ್ರ ಇಲ್ಲ: ಇಪ್ಪತ್ನಾಲ್ಕು, ಹದಿನೆಂಟು, ಮತ್ತೆ ಇಪ್ಪತ್ನಾಲ್ಕು, ಹನ್ನೆರಡು; ನಾಲ್ಕಕ್ಕೂ ಮೂರು ತಿಂಗಳ ವೀಸಾ. ಕಳ್ಳ ಮೂಲೆ ನೋಡಿಯೇ ಆರಿಸಿದ್ದ. ಆ ಮೂಲೆ ನೋಡುವವನು ಯಾರೆಂದು ತಿಳಿಯಲು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಮಂಗಳವಾರ ಸಂಜೆ ಐದೂವರೆಗೆ ಇಬ್ಬರು ಪಂಚರ ಸಮಕ್ಷಮ ಗುಮಾಸ್ತನ ಮನೆ ಶೋಧಿಸಿದರು. ಎರಡು ಕೋಣೆಯ ಮನೆ. ಕಿಟಕಿಯ ಬಳಿ ಅವನ ಹೆಂಡತಿ ಫೋನನ್ನು ಒಂದೇ ಕಣ್ಣಿಗೆ ಒತ್ತಿ ಹಿಡಿದು ಏನೋ ನೋಡುತ್ತಿದ್ದಳು. “ಯಾರ್ರೀ ಬಂದಿರೋದು?” ಎಂದಳು.

ಗುಮಾಸ್ತ ಹುಡುಕುವ ಶ್ರಮವನ್ನೂ ಕೊಡಲಿಲ್ಲ. ತಾನೇ ಪೆಟ್ಟಿಗೆಯಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟ. ಕಾನ್‌ಸ್ಟೆಬಲ್ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

“ಸಾರ್, ಐದಿವೆ.”

ಐದನೆಯದು ಅವನ ಹೆಂಡತಿಯದು. ಒಳಗೊಂದು ಪುಟದಲ್ಲಿ ಕೆಂಪು ಮುದ್ರೆ: ಹತ್ತು ವರ್ಷ ಪ್ರವೇಶವಿಲ್ಲ.

“ಆ ಫಾರಂ ತುಂಬಿದ್ದು ನಾನೇ ಸಾರ್,” ಎಂದ ಗುಮಾಸ್ತ ತಗ್ಗಿದ ದನಿಯಲ್ಲಿ. “ಮಗಳ ಬಾಣಂತನಕ್ಕೆ ಹೊರಟಿದ್ಳು. ಬೇಗ ಸಿಗುತ್ತೆ ಅಂತ ಭೇಟಿ ವೀಸಾಕ್ಕೇ ಗುರುತು ಹಾಕಿದೆ. ಮಗೂಗೆ ಹುಷಾರಿಲ್ಲ ಅಂತ ಎಂಟು ತಿಂಗಳು ಉಳಿದ್ಳು. ವಾಪಸ್ ಬರೋವಾಗ ಈ ಮುದ್ರೆ ಒತ್ತಿ ಕಳಿಸಿದ್ರು. ಆರು ವರ್ಷ ಆಯ್ತು, ಇನ್ನೂ ನಾಲ್ಕು ಇದೆ. ಮಗಳಿಗೆ ರಜ ಸಿಗಲ್ಲ. ಮೊಮ್ಮಗನ್ನ ಫೋನಲ್ಲೇ ನೋಡ್ತಾಳೆ. ಅವಳ ಕಣ್ಣು ಅಲ್ಲೀವರೆಗೆ ಇರಲ್ಲ ಅಂದಿದಾರೆ ಡಾಕ್ಟ್ರು.”

ಇನ್ಸ್‌ಪೆಕ್ಟರಿಗೆ ಸಂಕಟವಾಯಿತು. ಆದರೂ ಕಳವು ಕಳವೇ. ಆರು ಹತ್ತಕ್ಕೆ ದಸ್ತಗಿರಿ ಮಾಡಿದರು. ಮಾಲೀಕನ ಮೇಲೂ ವಂಚನೆಯ ಪ್ರಕರಣ ದಾಖಲಾಯಿತು.

ಬುಧವಾರ ಬೆಳಿಗ್ಗೆ ಇಸ್ತ್ರಿಯವಳನ್ನು ಕರೆಸಿ ಇನ್ಸ್‌ಪೆಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. “ಪಾಸ್‌ಪೋರ್ಟನ್ನ ನಾಳೆ ಕೋರ್ಟಿಂದ ಬಿಡಿಸಿ ಕೊಡ್ತೀನಿ. ಶುಕ್ರವಾರ ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು.”

ಲಾಕಪ್ಪಿನಿಂದ ಕರೆತಂದು ಎದುರು ಕೂರಿಸಿದ್ದ ಗುಮಾಸ್ತನ ಮೇಲೆ ಅವಳು ಹರಿಹಾಯ್ದಳು. “ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ಹೋದ ವರ್ಷ ಒಬ್ರಿಗೆ ಹೇಳಿದ್ದೆ ಅಮ್ಮಾ. ಹೊರಟು ನಿಂತಾಗ ಅಪಶಕುನ ನುಡೀಬೇಡಿ ಅಂದ್ರು. ಹೋದ್ರು. ಅವರಿಗೂ ಇದೇ ಮುದ್ರೆ ಬಿತ್ತು.”

ಅವಳು ಫೋನು ಹಿಡಿದು ಹೊರಗಿನ ಜಗಲಿಗೆ ಹೋದಳು. ಮಗಳ ಜೊತೆ ಮಾತಾಡುವ ದನಿ ಒಳಗೂ ಕೇಳುತ್ತಿತ್ತು. ಒಮ್ಮೆ ಜೋರಾಯಿತು, ಆಮೇಲೆ ತಗ್ಗಿತು. ಮರಳಿ ಬಂದಾಗ ಕಣ್ಣು ಕೆಂಪಾಗಿತ್ತು.

“ಹತ್ತು ವರ್ಷ ಮಗೂನ ಕಳ್ಕೊಳೋದಕ್ಕಿಂತ ಐದು ತಿಂಗಳು ಕಷ್ಟಪಡೋದೇ ವಾಸಿ ಅಂದ್ಳು ಮಗಳು.” ಕುರ್ಚಿ ಎಳೆದುಕೊಂಡು ಗುಮಾಸ್ತನ ಎದುರು ಕೂತಳು. “ಬರೀರಿ ಅಣ್ಣಾ. ಸರಿಯಾದ್ದು ಬರೀರಿ.”

ಗುಮಾಸ್ತ ಇನ್ಸ್‌ಪೆಕ್ಟರತ್ತ ನೋಡಿದ. ಅವರು ಮೇಜಿನ ಮೇಲಿದ್ದ ಪೆನ್ಸಿಲನ್ನು ಅವನ ಕಡೆ ತಳ್ಳಿದರು. ಹನ್ನೊಂದಕ್ಕೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಹೊತ್ತಾಯ್ತು ಎನ್ನಲು ಬಂದ ಜೀಪಿನ ಚಾಲಕನಿಗೆ “ಇರಯ್ಯಾ ಸ್ವಲ್ಪ!” ಎಂದು ಗದರಿದರು.

ಗುಮಾಸ್ತ ಬಿಳಿ ಹಾಳೆಯನ್ನು ಹತ್ತಿರ ಎಳೆದುಕೊಂಡ.

“ಎಷ್ಟು ತಿಂಗಳು ಇರ್ತೀರಿ ಅಮ್ಮಾ?”

“ಇಪ್ಪತ್ನಾಲ್ಕು,” ಎಂದಳು ಅವಳು.

ಅವನು ಅದನ್ನು ಮೂಲೆಯಲ್ಲಿ ಬರೆದುಕೊಂಡ.